ಐಸಿಯ ಯಾವ ಪಿನ್ ಸತ್ತಿದೆ?

ಕೆಟ್ಟುಹೋದ ಯುಪಿಎಸ್ ಬೋರ್ಡಿನ ಐಸಿ ನೋಡಲು ಹೊಸದರಂತೆಯೇ ಇರುತ್ತದೆ. ಅದರ ಒಂದು ಇನ್‌ಪುಟ್ ಪಿನ್ ಮಾತ್ರ ಹಾಳಾಗಿದೆ ಎಂದು ರಿಪೇರಿಯವರು ಹೇಗೆ ಪತ್ತೆಹಚ್ಚುತ್ತಾರೆ?
– ಓದುಗರು, ವಸಂತಪುರ

ಇಂದಿನ ಬಹುಪಾಲು ಐಸಿಗಳಲ್ಲಿ ಇನ್‌ಪುಟ್ ಪಿನ್ ಹೋಗಿ ಸೇರುವುದು ಟ್ರಾನ್ಸಿಸ್ಟರಿನ ಗೇಟಿಗೆ. ಗೇಟಿನ ಕೆಳಗಿರುವ ಆಕ್ಸೈಡ್ ಪದರ ನ್ಯಾನೊಮೀಟರ್ ಲೆಕ್ಕದಲ್ಲಿ ಅಳೆಯುವಷ್ಟು ತೆಳು. ವೋಲ್ಟೇಜ್ ಮಿತಿಮೀರಿದರೆ ತೂತು ಬೀಳುತ್ತದೆ. ಆದ್ದರಿಂದ ಪಿನ್ನಿನ ಬಳಿಯೇ ಕಾವಲು ಡಯೋಡುಗಳಿರುತ್ತವೆ. ತಾರಸಿಯ ನೀರಿನ ಟ್ಯಾಂಕಿಗೆ ಓವರ್‌ಫ್ಲೋ ಪೈಪ್ ಇದ್ದ ಹಾಗೆ, ಹೆಚ್ಚಾದದ್ದನ್ನು ಅವು ಗ್ರೌಂಡಿಗೋ ಸಪ್ಲೈಗೋ ಹರಿಸಿಬಿಡುತ್ತವೆ. ಹೊಡೆತ ತೀರಾ ಜೋರಾದರೆ ಡಯೋಡೇ ಸುಡುತ್ತದೆ.

ಪತ್ತೆಗೆ ಸಿಗುವ ಸುಳಿವೂ ಅದೇ.

ಬೋರ್ಡಿನ ವಿದ್ಯುತ್ ತೆಗೆದು, ಕೆಪಾಸಿಟರ್‌ಗಳು ಖಾಲಿಯಾದ ಮೇಲೆ ಮಲ್ಟಿಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಗ್ರೌಂಡಿಗೂ ಕಪ್ಪನ್ನು ಪಿನ್ನಿಗೂ ಮುಟ್ಟಿಸುತ್ತಾರೆ. ಸುಮಾರು 0.5ರಿಂದ 0.7 ವೋಲ್ಟ್ ತೋರಿಸಿದರೆ ಡಯೋಡ್ ಜೀವಂತ. ಸೊನ್ನೆಯ ಹತ್ತಿರವಿದ್ದರೆ ಶಾರ್ಟ್. ಏನೂ ತೋರಿಸದಿದ್ದರೆ ಒಳಗೆ ಕಡಿದಿರಬಹುದು. ಪಿನ್ನಿಗೆ ಜೋಡಿಸಿದ ಬೇರೆ ಬಿಡಿಭಾಗಗಳು ದಾರಿ ತಪ್ಪಿಸುವುದರಿಂದ ಒಂದೇ ಅಳತೆಯನ್ನು ನಂಬುವುದು ಸರಿಯಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ತಂದ ಅದೇ ನಂಬರಿನ ಹೊಸ ಐಸಿಯನ್ನು ಪಕ್ಕದಲ್ಲಿಟ್ಟುಕೊಂಡು, ಅನುಮಾನದ ಐಸಿಯನ್ನು ಬೋರ್ಡಿನಿಂದ ಬಿಚ್ಚಿ, ಪಿನ್ನಿಗೆ ಪಿನ್ ಹೋಲಿಸುವುದೇ ಭರವಸೆಯ ದಾರಿ.

ಇನ್ನು, ಪಿನ್ನನ್ನು ಸಾಯಿಸುವ ಹೊಡೆತ ನಮ್ಮ ಕೈಯಿಂದಲೂ ಬರಬಹುದು. ಕೈಗೆ ಚುರುಕ್ಕೆನ್ನುವ ಸ್ಥಾಯೀ ವಿದ್ಯುತ್ತಿನ ಕಿಡಿ ಸುಮಾರು 3,000 ವೋಲ್ಟ್ ಅಥವಾ ಅದಕ್ಕೂ ಹೆಚ್ಚಿನದು. ಸೂಕ್ಷ್ಮ ಐಸಿಗಳಿಗೆ ಕೆಲವೇ ನೂರು ವೋಲ್ಟ್ ಸಾಕು, ಅಂದರೆ ಮುಟ್ಟಿದವರಿಗೆ ಗೊತ್ತೇ ಆಗದಂತೆ ಪಿನ್ ಸಾಯಬಲ್ಲದು. ಪ್ರಯೋಗಾಲಯಗಳಲ್ಲಿ ಇಂಥ ಐಸಿಯ ಪ್ಲಾಸ್ಟಿಕ್ ಹೊದಿಕೆಯನ್ನು ನೈಟ್ರಿಕ್ ಆಮ್ಲದಿಂದ ಕರಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ: ಸೂಜಿಮೊನೆಯಂಥ ಚುಕ್ಕೆ ಸಾಮಾನ್ಯವಾಗಿ ಕಿಡಿಯ ಗುರುತು, ಕರಗಿ ಹರಡಿದ ಲೋಹ ಹೆಚ್ಚು ಹೊತ್ತು ನುಗ್ಗಿದ ವಿದ್ಯುತ್ತಿನದು.