ಮಗ್ಗಿ ಮೊದಲೋ, ಮಾತು ಮೊದಲೋ?

ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿಯ ಅಡ್ಡರಸ್ತೆಗಳಲ್ಲಿ ಎರಡು ಬಗೆಯ ಬೋರ್ಡು ಕಣ್ಣಿಗೆ ಬೀಳುತ್ತವೆ: ಲೆಕ್ಕಕ್ಕೆ ಅಬಾಕಸ್, ಭಾಷೆಗೆ ಫೋನಿಕ್ಸ್. ನಾಲ್ಕು ವರ್ಷದ ಮಗುವನ್ನು ಮೊದಲು ಯಾವುದಕ್ಕೆ ಸೇರಿಸಬೇಕು ಎಂಬುದು ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕಿದರೂ ಮುಗಿಯದ ಚರ್ಚೆ.

2025ರಲ್ಲಿ ಮಕ್ಕಳ ವಯಸ್ಸೇ ಸುದ್ದಿಯಾಯಿತು. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ತುಂಬಿರಬೇಕೆಂದು ರಾಜ್ಯ ಸರ್ಕಾರ 2022ರಲ್ಲೇ ಆದೇಶಿಸಿತ್ತು. ಜಾರಿಯ ಹೊತ್ತಿಗೆ ಪೋಷಕರು ಸಡಿಲಿಕೆಗೆ ಪಟ್ಟು ಹಿಡಿದರು. ಯುಕೆಜಿ ಮುಗಿಸಿದವರಿಗೆ 2025-26ರ ಸಾಲಿಗಷ್ಟೇ ಆ ಮಿತಿ ಐದು ವರ್ಷ ಐದು ತಿಂಗಳಿಗೆ ಇಳಿಯಿತು.

ಕಿವಿ ಇಷ್ಟು ದಿನ ಕಾಯುವುದಿಲ್ಲ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಗಳ ಆರೆಂಟು ತಿಂಗಳ ಕೂಸುಗಳು ಹಿಂದಿಯ ತಕಾರ-ಟಕಾರಗಳ ವ್ಯತ್ಯಾಸ ಹಿಡಿದವು. ವರ್ಷ ತುಂಬುವಷ್ಟರಲ್ಲಿ ಹೆಚ್ಚಿನವು ಅದನ್ನು ಕಳೆದುಕೊಂಡಿದ್ದವು. ನಮ್ಮ ಕೂಸುಗಳಿಗೆ 'ತಟ್ಟೆ' ಎಂಬ ಒಂದೇ ಮಾತು ಆ ಪಾಠವನ್ನು ದಿನಾ ಹೇಳಿಕೊಡುತ್ತದೆ. ವ್ಯಾಕರಣಕ್ಕೆ ಅವಸರವಿಲ್ಲ: ಸುಮಾರು 6.7 ಲಕ್ಷ ಜನರನ್ನು ಒಳಗೊಂಡ 2018ರ ಅಧ್ಯಯನ, ಅದನ್ನು ಕಲಿಯುವ ಚುರುಕು ಹದಿನೇಳರ ಆಸುಪಾಸಿನವರೆಗೂ ಉಳಿಯುತ್ತದೆ ಎಂದಿತು.

ಲೆಕ್ಕದ ಕಥೆ ಇನ್ನೂ ಸ್ವಾರಸ್ಯ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮ್ಯಾಂಚೆಸ್ಟರ್‌ನಲ್ಲಿ 1929ರಲ್ಲಿ ಶಾಲಾ ಅಧಿಕಾರಿ ಲೂಯಿಸ್ ಬೆನೆಜೆಟ್ ಕೆಲವು ತರಗತಿಗಳಲ್ಲಿ ಆರನೇ ಕ್ಲಾಸಿನವರೆಗೆ ವಿಧಿವತ್ತಾದ ಲೆಕ್ಕವನ್ನೇ ಮುಂದೂಡಿದರು. ಮಕ್ಕಳು ಓದಿದರು, ಮಾತಾಡಿದರು, ಉದ್ದ-ಭಾರಗಳನ್ನು ಅಂದಾಜಿಸಿದರು. ಆಮೇಲೆ ಒಂದೇ ವರ್ಷದಲ್ಲಿ ಉಳಿದವರ ಸಮಕ್ಕೆ ಬಂದರು.

ಇದಕ್ಕೆ ಎದುರಾಗಿ ನಿಲ್ಲುವಂತೆ ಕಾಣುವುದು ಗ್ರೆಗ್ ಡಂಕನ್ ತಂಡದ 2007ರ ವಿಶ್ಲೇಷಣೆ. ಶಾಲೆಗೆ ಕಾಲಿಡುವಾಗ ಇರುವ ಸಂಖ್ಯೆಯ ತಿಳಿವಳಿಕೆ ಮುಂದಿನ ಕಲಿಕೆಯ ಬಲವಾದ ಮುನ್ಸೂಚನೆ ಎಂದು ಅದು ಕಂಡುಕೊಂಡಿತು.

ಆದರೆ ಬೆನೆಜೆಟ್ ಮುಂದೂಡಿದ್ದು ಸ್ಲೇಟಿನ ಲೆಕ್ಕವನ್ನು, ಎಣಿಕೆ-ಅಂದಾಜನ್ನಲ್ಲ.

ಎಣಿಕೆ ಬರುವುದೂ ಮಾತಿನೊಳಗಿಂದಲೇ. ಇಂಗ್ಲಿಷಿನ 'ಇಲೆವೆನ್' ತನ್ನೊಳಗಿನ ಹತ್ತನ್ನು ಬಿಟ್ಟುಕೊಡದು. ಕನ್ನಡದ 'ಇಪ್ಪತ್ತಮೂರು' ಕೂಡುವ ಲೆಕ್ಕವನ್ನು ಬಾಯಲ್ಲೇ ಬಿಚ್ಚಿಡುತ್ತದೆ. ಒಂಬತ್ತಕ್ಕೂ ತೊಂಬತ್ತಕ್ಕೂ ಗೊಂದಲವಾಗುವುದು ಬೇರೆ ಮಾತು.

ಅಡ್ಮಿಷನ್‌ಗೆ ಇನ್ನೂ ತಿಂಗಳು ಸಾಲದ ಮಗುವೂ ಅಜ್ಜಿಯೊಂದಿಗೆ ಚೌಕಾಬಾರಕ್ಕೆ ಕೂರಬಹುದು. ನಾಲ್ಕು ಕವಡೆಯೂ ಮೇಲ್ಮುಖವಾದರೆ ಚೌಕ, ನಾಲ್ಕು ಮನೆ. ಎಲ್ಲ ಬೋರಲಾದರೆ ಬಾರ, ಎಂಟು ಮನೆ. ಅಜ್ಜಿ ಬೇಕೆಂದೇ ಒಂದು ಮನೆ ಹೆಚ್ಚು ನಡೆಸಿದರೆ ಮಗು ತಡೆದು ಜಗಳಕ್ಕೆ ನಿಲ್ಲುತ್ತದೆ: "ಅಜ್ಜಿ, ಮೋಸ! ಎಂಟೇ ಬಿದ್ದಿದ್ದು!"