ಎಸ್ಪ್ರೆಸೊಗೆ ಯಾವ ಬೀಜ, ಯಾವ ಹದ?

ವಯನಾಡಿನಲ್ಲೂ ನೀಲಗಿರಿಯ ಗೂಡಲೂರು ಭಾಗದಲ್ಲೂ ಕಾಫಿ ಕಣಗಳಲ್ಲಿ ಒಣಗುವ ಬೆಳೆ ಬಹುಮಟ್ಟಿಗೆ ರೊಬಸ್ಟಾ. ಆದರೆ ನಗರದ ಕಾಫಿ ಅಂಗಡಿಗಳಲ್ಲಿ ಕೆಲಸಕ್ಕೆ ಸೇರಿದ ನಮ್ಮ ಮಕ್ಕಳು ರಜೆಗೆ ಊರಿಗೆ ಬಂದಾಗ, ಒಳ್ಳೆಯ ಎಸ್ಪ್ರೆಸೊಗೆ ಅರೇಬಿಕಾ ಮಾತ್ರ ಸಲ್ಲುತ್ತದೆ, ರೊಬಸ್ಟಾ ಕೇವಲ ಬೆರಕೆಯ ಮಾಲು ಎಂಬ ಮಾತನ್ನು ಹೊತ್ತು ತರುತ್ತಾರೆ. ರೊಬಸ್ಟಾ ಬೆಳೆದೇ ಅವರನ್ನು ಓದಿಸಿದ ಹಿರಿಯರು ಕೇಳಿ ಸುಮ್ಮನಾಗುತ್ತಾರೆ. ಸುಮ್ಮನಾಗಬೇಕಾಗಿಲ್ಲ ಎಂಬುದು ನಮ್ಮ ನಿಲುವು.

ನಮ್ಮ ಫಿಲ್ಟರ್‌ನಲ್ಲಿ ಬಿಸಿನೀರು ತನ್ನ ಭಾರದಿಂದಲೇ ನಿಧಾನವಾಗಿ ಇಳಿಯುತ್ತದೆ. ಎಸ್ಪ್ರೆಸೊ ಯಂತ್ರದಲ್ಲಿ ಅದೇ ನೀರನ್ನು ಸುಮಾರು 9 ಬಾರ್ ಒತ್ತಡದಲ್ಲಿ ನುಣ್ಣನೆಯ ಪುಡಿಯ ಮೂಲಕ ಹಾಯಿಸುತ್ತಾರೆ. 18 ಗ್ರಾಂ ಪುಡಿಯಿಂದ 25–30 ಸೆಕೆಂಡುಗಳಲ್ಲಿ ಸುಮಾರು 36 ಗ್ರಾಂ ಕಷಾಯ ಇಳಿದರೆ ಹದ ಸರಿಯಿದೆ ಎಂದು ಲೆಕ್ಕ. ಇಷ್ಟು ಗಟ್ಟಿಯಾದ ಪಾನೀಯದಲ್ಲಿ ಬೀಜದ ಗುಣವೂ ದೋಷವೂ ಇಮ್ಮಡಿಯಾಗಿ ನಾಲಿಗೆಗೆ ತಾಗುತ್ತವೆ. ಬೀಜದ ಆಯ್ಕೆಗೆ ಇಷ್ಟು ಮಹತ್ವ ಬಂದಿರುವುದು ಇದರಿಂದಲೇ.

ಅರೇಬಿಕಾದಲ್ಲಿ ಸಿಹಿಯೂ ಹುಳಿಯೂ ಪರಿಮಳವೂ ಹೆಚ್ಚು. ರೊಬಸ್ಟಾದಲ್ಲಿ ಕೆಫೀನ್ ಅದರ ಸುಮಾರು ಎರಡು ಪಟ್ಟು. ಕಹಿ ಹೆಚ್ಚು, ಮೈಕಟ್ಟು ಗಟ್ಟಿ. ಎಸ್ಪ್ರೆಸೊದ ಮೇಲೆ ನಿಲ್ಲುವ ಹೊಂಬಣ್ಣದ ನೊರೆಯನ್ನು ಕ್ರೆಮಾ ಎನ್ನುತ್ತಾರೆ. ಅದನ್ನು ದಪ್ಪವಾಗಿಸುವುದು ರೊಬಸ್ಟಾ. ಎಸ್ಪ್ರೆಸೊದ ತವರಾದ ಇಟಲಿಯಲ್ಲಿಯೇ, ಅದರಲ್ಲೂ ದಕ್ಷಿಣ ಭಾಗದಲ್ಲಿ, ರೊಬಸ್ಟಾ ಬೆರೆಸುವುದು ಹಳೆಯ ರೂಢಿ. ಹೊಸದಾಗಿ ತೊಡಗುವವರು 70 ಪಾಲು ಅರೇಬಿಕಾ, 30 ಪಾಲು ರೊಬಸ್ಟಾದಿಂದ ಆರಂಭಿಸಬಹುದು. ಹಾಲು ಬೆರೆಸಿ ಕುಡಿಯುವವರಿಗೆ ಅರ್ಧಕ್ಕರ್ಧವೂ ಹೊಂದುತ್ತದೆ.

ಎಲ್ಲ ರೊಬಸ್ಟಾವೂ ಒಂದೇ ಅಲ್ಲ. ಹಸಿರು, ಹಣ್ಣು, ಕಪ್ಪು ಎಲ್ಲವನ್ನೂ ಒಟ್ಟಿಗೆ ಕಿತ್ತು ಮಳೆಗೆ ನೆನೆಸಿ ಒಣಗಿಸಿದ ಚೆರಿಯಲ್ಲಿ ಗೋಣಿಯ ವಾಸನೆ, ಮುಗ್ಗಲು ಉಳಿಯುತ್ತವೆ. ರೊಬಸ್ಟಾಕ್ಕೆ ಕೆಟ್ಟ ಹೆಸರು ಬಂದುದರಲ್ಲಿ ಇದರ ಪಾಲು ದೊಡ್ಡದು. ಹಣ್ಣನ್ನಷ್ಟೇ ಆರಿಸಿ, ಸಿಪ್ಪೆ ಸುಲಿದು, ತೊಳೆದು ಒಣಗಿಸಿದ ಪಾರ್ಚ್‌ಮೆಂಟ್‌ನ ರುಚಿಯೇ ಬೇರೆ. 'ಕಾಪಿ ರಾಯಲ್' ಎಂಬ ಮೇಲ್ದರ್ಜೆ ಇಂಥ ತೊಳೆದ ರೊಬಸ್ಟಾದಿಂದಲೇ ಸಿದ್ಧವಾಗುತ್ತದೆ. ಕೊಡಗಿನ ಮತ್ತು ಚಿಕ್ಕಮಗಳೂರಿನ ಅರೇಬಿಕಾಗಳೊಡನೆ 2019ರಲ್ಲಿ ವಯನಾಡ್ ರೊಬಸ್ಟಾಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ ಎಂಬುದನ್ನು ಆ ಮಕ್ಕಳಿಗೆ ಹೇಳಬೇಕು.

ಇನ್ನು ಹುರಿಯುವ ಹದ. 'ಎಸ್ಪ್ರೆಸೊ ಬೀಜ' ಎಂಬ ಪ್ರತ್ಯೇಕ ಬೀಜವಿಲ್ಲ. ಪೊಟ್ಟಣದ ಮೇಲಿನ ಆ ಹೆಸರು ಹದವನ್ನೋ ಮಿಶ್ರಣವನ್ನೋ ಸೂಚಿಸುತ್ತದೆ. ಬೀಜ ಹುರಿಯುವಾಗ ಮೊದಲು ಜೋಳದ ಅರಳಿನಂತೆ ಒಮ್ಮೆ ಸಿಡಿಯುತ್ತದೆ. ಕಾವು ಏರಿದಂತೆ ಮೆಲುದನಿಯಲ್ಲಿ ಮತ್ತೊಮ್ಮೆ ಸಿಡಿಯತೊಡಗುತ್ತದೆ. ಮೊದಲ ಸಿಡಿತಕ್ಕೇ ಇಳಿಸಿದರೆ ಹುಳಿ ಮುಂದಾಗುತ್ತದೆ. ಎರಡನೆಯದನ್ನು ದಾಟಿಸಿದರೆ ಎಣ್ಣೆ ಹೊರಸೂಸಿ ಬೀಜ ಮಿರುಗುತ್ತದೆ, ಇದ್ದಿಲಿನ ಕಹಿ ಬರುತ್ತದೆ. ಎರಡನೆಯ ಸಿಡಿತ ಇನ್ನೇನು ಆರಂಭವಾಗಬೇಕು ಎನ್ನುವಾಗ ಇಳಿಸಿದ ಮಧ್ಯಮ ಕಂದುಬಣ್ಣದ ಬೀಜವೇ ಮನೆಯ ಯಂತ್ರಕ್ಕೆ ಕ್ಷೇಮವೆಂದು ನಾವು ಭಾವಿಸುತ್ತೇವೆ.

ಹುರಿದ ದಿನಾಂಕ ಅಚ್ಚಾಗಿರದ ಪೊಟ್ಟಣವನ್ನು ಕೊಳ್ಳದಿರುವುದು ಲೇಸು. ಹುರಿದ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿರುವುದರಿಂದ ಒಂದು ವಾರ ಬಿಟ್ಟು ಬಳಸಬೇಕು. ಒಂದೂವರೆ ತಿಂಗಳೊಳಗೆ ಮುಗಿಸಬೇಕು. ಚಿಕೋರಿ ಬೆರೆತ ಪುಡಿ ನಮ್ಮ ಫಿಲ್ಟರ್ ಕಾಫಿಗೆ ಇರಲಿ, ಎಸ್ಪ್ರೆಸೊಗೆ ಬೇಡ.

ಪೊಟ್ಟಣಗಳ ಮೇಲೆ ರುಚಿಯ ವರ್ಣನೆಯಾಗಿ ಬ್ಲೂಬೆರಿ, ಹೇಝಲ್‌ನಟ್ ಎಂದೆಲ್ಲ ಅಚ್ಚಾಗಿರುತ್ತದೆ. ನಮ್ಮಲ್ಲಿ ಎಷ್ಟು ಮಂದಿ ಬ್ಲೂಬೆರಿ ತಿಂದಿದ್ದೇವೆ? ಹುಳಿ, ಕಹಿ, ಒಗರು, ಘಮ ಎಂಬ ಮನೆಮಾತುಗಳೇ ಈ ಕೆಲಸಕ್ಕೆ ಸಾಕು. ಕಷಾಯ ಬೇಗ ಇಳಿದು ನೀರುನೀರಾಗಿ ಹುಳಿಯಾಗಿದ್ದರೆ ಪುಡಿಯನ್ನು ಇನ್ನಷ್ಟು ನುಣ್ಣಗೆ ಮಾಡಬೇಕು. ತಡವಾಗಿ ತೊಟ್ಟಿಕ್ಕಿ ಕಹಿಯೂ ಒಗರೂ ಆದರೆ ತುಸು ತರಿಯಾಗಿಸಬೇಕು. ಆಗಲೂ ಸುಟ್ಟ ಕಹಿ ಹೋಗದಿದ್ದರೆ ದೋಷ ಹುರಿದ ಹದದಲ್ಲಿದೆ. ಮುಂದಿನ ಬಾರಿ ಒಂದು ಹದ ತಿಳಿಯಾಗಿ ಹುರಿದ ಬೀಜವನ್ನು ಕೇಳಿ ಪಡೆಯಬೇಕು.