ಎರಡು ಕಾಯಿಲೆ, ಒಂದೇ ಚಿಕಿತ್ಸೆ

ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂತಹ ತೀವ್ರ ಮಾನಸಿಕ ಕಾಯಿಲೆಯೂ ಮದ್ಯ ಅಥವಾ ಗಾಂಜಾದ ವ್ಯಸನವೂ ಒಬ್ಬರಲ್ಲೇ ಕೂಡಿಕೊಂಡಾಗ ಮೊದಲು ತಪ್ಪಿಹೋಗುವುದು ನಿತ್ಯದ ಗುಳಿಗೆ. ಇಂತಹ ಜೋಡಿ ಕಾಯಿಲೆ ವಿರಳವಲ್ಲ. 1990ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯೊಂದರಲ್ಲಿ ಸ್ಕಿಜೋಫ್ರೇನಿಯಾ ಇದ್ದವರ ಪೈಕಿ ಶೇ 47ರಷ್ಟು ಜನರಿಗೆ ಬದುಕಿನ ಯಾವುದೋ ಹಂತದಲ್ಲಿ ವ್ಯಸನವೂ ಇದ್ದುದು ಕಂಡುಬಂದಿತ್ತು.

ಗುಳಿಗೆ ತಪ್ಪಿಸುವುದನ್ನು ಮನೆಯವರು ಹಟವೆಂದು ಭಾವಿಸುವುದುಂಟಾದರೂ ಅದರ ಹಿಂದೆ ಹಲವು ಕಾರಣಗಳಿರುತ್ತವೆ. ತನಗೆ ಕಾಯಿಲೆಯೇ ಇಲ್ಲವೆನಿಸುವುದು ಸ್ಕಿಜೋಫ್ರೇನಿಯಾದ ಲಕ್ಷಣಗಳಲ್ಲೊಂದು. ಕುಡಿತವು ಮರೆವನ್ನು ಹೆಚ್ಚಿಸಿ ದಿನಚರಿಯನ್ನು ಕೆಡಿಸುತ್ತದೆ. ಮದ್ಯದೊಡನೆ ಔಷಧ ಸೇರಬಾರದೆಂಬ ಭಯದಿಂದ ಕುಡಿದ ದಿನ ಬಿಟ್ಟ ಗುಳಿಗೆ ಕ್ರಮೇಣ ಪೂರ್ತಿಯಾಗಿ ನಿಂತುಹೋಗುತ್ತದೆ. ಕೆಲವು ನಿದ್ರಾಜನಕಗಳು ಮದ್ಯದೊಡನೆ ಬೆರೆತರೆ ಉಸಿರಾಟವೇ ಕುಗ್ಗಬಹುದಾದ್ದರಿಂದ ಆ ಭಯ ನಿರಾಧಾರವಲ್ಲ. ಆದರೆ ಎಲ್ಲ ಔಷಧಗಳ ಅಪಾಯವೂ ಒಂದೇ ಅಲ್ಲವಾದ್ದರಿಂದ ಕುಡಿದ ದಿನ ಏನು ಮಾಡಬೇಕೆಂಬುದನ್ನು ವೈದ್ಯರಿಂದ ಮುಂಚೆಯೇ ತಿಳಿದುಕೊಳ್ಳಬೇಕು. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಗುಳಿಗೆಯನ್ನು ರೋಗಿಗೆ ತಿಳಿಯದಂತೆ ಊಟದಲ್ಲಿ ಬೆರೆಸುವುದಂತೂ ಪ್ರಾಣಕ್ಕೇ ಎರವಾಗಬಲ್ಲದು.

ತಪ್ಪದೆ ಗುಳಿಗೆ ನುಂಗಿದರೂ ಗುಣ ಕಾಣದಿರುವುದಕ್ಕೆ ಬೀಡಿ, ಸಿಗರೇಟು ಕಾರಣವಾಗಿರಬಹುದು. ತಂಬಾಕಿನ ಹೊಗೆಯಲ್ಲಿರುವ ರಾಸಾಯನಿಕಗಳು ಯಕೃತ್ತಿನ ಕಿಣ್ವವೊಂದನ್ನು ಚುರುಕುಗೊಳಿಸಿ ಕ್ಲೋಜಪೀನ್, ಒಲಾಂಜಪೀನ್ ಔಷಧಗಳು ರಕ್ತದಿಂದ ಬೇಗ ಕರಗಿಹೋಗುವಂತೆ ಮಾಡುತ್ತವೆ. ಧೂಮಪಾನವನ್ನು ಥಟ್ಟನೆ ನಿಲ್ಲಿಸಿದರೆ ಅದೇ ಪ್ರಮಾಣದ ಔಷಧ ಅತಿಯಾಗುವುದರಿಂದ ಎರಡೂ ಸಂದರ್ಭಗಳನ್ನು ವೈದ್ಯರಿಗೆ ತಿಳಿಸುವುದು ಅಗತ್ಯ.

ಪರಿಹಾರದ ಮೊದಲ ಹೆಜ್ಜೆಯೆಂದರೆ, ಕುಡಿತ ಬಿಟ್ಟ ಮೇಲೆ ಮನೋರೋಗದ ಚಿಕಿತ್ಸೆ ಎಂಬ ಷರತ್ತನ್ನು ಕೈಬಿಟ್ಟು ಎರಡಕ್ಕೂ ಒಂದೇ ತಂಡ ಒಟ್ಟಿಗೆ ಚಿಕಿತ್ಸೆ ನೀಡುವುದು. ನಿತ್ಯ ನುಂಗಲಾಗದವರಿಗೆ ಕೆಲವು ವಾರಗಳಿಗೊಮ್ಮೆ ಕೊಡುವ ದೀರ್ಘಾವಧಿ ಚುಚ್ಚುಮದ್ದು, ದಿನಕ್ಕೊಮ್ಮೆ ಸಾಕಾಗುವ ಸರಳ ಔಷಧಕ್ರಮ ಹಾಗೂ ತಪ್ಪಿಸಿದ್ದನ್ನು ಅಂಜದೆ ಹೇಳಿಕೊಳ್ಳಬಹುದಾದ ವಾತಾವರಣ ಇದಕ್ಕೆ ನೆರವಾಗುತ್ತವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ಆದರೂ ನಿಮ್ಹಾನ್ಸ್ ನೇತೃತ್ವದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯವ್ಯಸನವಿದ್ದವರಲ್ಲಿ ಶೇ 86ರಷ್ಟು ಜನರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಸಲಹೆ ಬೇಕಾದವರು ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಕುಡಿದು ಬಂದ ರೋಗಿಯನ್ನು ಗದರಿಸಿ ಕಳುಹಿಸಿದರೆ ಆತ ಮದ್ಯದಿಂದಲ್ಲ, ಚಿಕಿತ್ಸೆಯಿಂದಲೇ ದೂರವಾಗುತ್ತಾನೆ ಎಂಬುದನ್ನು ಮನೆಯವರೂ ಆಸ್ಪತ್ರೆಗಳೂ ಮನಗಾಣಬೇಕಾಗಿದೆ.